ನಾನೊಬ್ಬನೇ ಕಾರಣ

ವೆಸ್ಟ್‌ಮೀಡ್, ಸಿಡ್ನಿ
9 ಫೆಬ್ರವರಿ 2025

ಬದರಿ,

ಈ ದೇಶಕ್ಕೆ ಬಂದು ಎರಡು ತಿಂಗಳು ಕಳೆಯಿತು. ನಿನ್ನ ನಂಬರು ನನ್ನ ಫೋನಿನಲ್ಲಿದೆ, ನನ್ನದು ನಿನ್ನಲ್ಲಿದೆ, ಇಬ್ಬರೂ ಒತ್ತಲಿಲ್ಲ. ಒತ್ತಿದ್ದರೂ ಮೂರನೆಯ ಮಾತಿಗೆ ನೀನು ವಕೀಲನಾಗುತ್ತಿದ್ದೆ, ನಾನು ಮೇಷ್ಟ್ರಾಗುತ್ತಿದ್ದೆ. ಕಾಗದಕ್ಕಾದರೆ ಮಧ್ಯೆ ಬಾಯಿ ಹಾಕಲು ಬರುವುದಿಲ್ಲ.

ನಡೆದದ್ದನ್ನು ನಾನು ತಿಳಿದಂತೆ ಬರೆಯುತ್ತೇನೆ. ತಪ್ಪಿದ್ದರೆ ತಿದ್ದು. ನನ್ನ ಮಗ ಮನೋಜನಿಗೆ ಇಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ನಿನ್ನ ಮಗಳು ಪ್ರಣತಿಗೆ ತಂದೆತಾಯಿ ಪಕ್ಕದ ಬೀದಿಯಲ್ಲಿರುವ ಮೆಲ್ಬರ್ನಿನ ಕ್ಲೈಡ್ ನಾರ್ತ್ ಬಿಡಲು ಮನಸ್ಸಿರಲಿಲ್ಲ. ಎರಡು ವರ್ಷ ಜಗಳವಾಡಿದರು. ಇಬ್ಬರೂ ಆಡಬಾರದ ಮಾತು ಆಡಿದರು. ಹೋದ ಅಕ್ಟೋಬರಿನಲ್ಲಿ ಮನೋಜ ಯಾರಿಗೂ ಹೇಳದೆ ಇಂಚರಳನ್ನು ಕಾರಿನಲ್ಲಿ ಕೂರಿಸಿಕೊಂಡು ಸಿಡ್ನಿಗೆ ಬಂದುಬಿಟ್ಟ. ಎಂಟು ವರ್ಷದ ಮಗು. ಮರುದಿನದವರೆಗೆ ಅವಳು ಎಲ್ಲಿದ್ದಾಳೆಂದು ನಿಮಗೆ ಗೊತ್ತಿರಲಿಲ್ಲ. ಇದು ತಪ್ಪು. ಮೈಸೂರಿನಲ್ಲಿ ಕೂತು ಸುದ್ದಿ ಕೇಳಿದಾಗಲೇ ಅವನಿಗೆ ಹಾಗೆಂದೆ.

ಆಮೇಲೆ ನೀನು ಅವನನ್ನು ಕರೆಸಿದೆ. "ಕೋರ್ಟು ಗೀರ್ಟು ಬೇಡಪ್ಪ, ಬಾ, ಕೂತು ಮಾತಾಡಿ ಮುಗಿಸೋಣ" ಎಂದೆ. ಅವನು ಮಗುವನ್ನೂ ಕರೆದುಕೊಂಡು ಮಾತಾಡಲೆಂದೇ ಬಂದ. ಹಾಲ್‌ನಲ್ಲಿ ನಿಮ್ಮ ಕಡೆಯ ಹಿರಿಯರು ಸಾಲಾಗಿ ಕೂತಿದ್ದರಂತೆ, ಟೀಪಾಯಿಯ ಮೇಲೆ ಟೈಪಾದ ಕಾಗದ ಸಿದ್ಧವಾಗಿತ್ತಂತೆ. ಮಗು ತಾಯಿಯ ಬಳಿ ಇರಬೇಕು, ಸರಿ. ತಂದೆ ತಿಂಗಳ ಮೊದಲ ಶನಿವಾರ ನಿಮ್ಮ ಮನೆಗೆ ಬಂದು, ಹಿರಿಯರೊಬ್ಬರ ಎದುರಿಗೇ ಮಗುವನ್ನು ನೋಡಬೇಕು. ಅದೂ ಹೋಗಲಿ. ಕೊನೆಯಲ್ಲಿ ಒಂದು ವಾಕ್ಯ: "ಈ ಸಂಸಾರ ಮುರಿಯಲು ನಾನೊಬ್ಬನೇ ಕಾರಣ. ನನ್ನ ಹೆಂಡತಿಯ ಕಡೆಯಿಂದ ಯಾವ ತಪ್ಪೂ ಇಲ್ಲ." ಅದನ್ನು ಅವನಿಂದ ಗಟ್ಟಿಯಾಗಿ ಓದಿಸಿದಿರಿ. ಒಂದು ನಾಣ್ಯವನ್ನು ಅರಿಸಿನದ ಬಟ್ಟೆಯಲ್ಲಿ ಕಟ್ಟಿ ಅವನ ಕೈಯಲ್ಲೇ ದೇವರ ಮುಂದೆ ತಪ್ಪುಕಾಣಿಕೆ ಇಡಿಸಿದಿರಿ.

ಬದರಿ, ತಪ್ಪುಕಾಣಿಕೆ ಇಡುವವನು ತಾನಾಗಿ ಇಡುತ್ತಾನೆ. ತನಗೂ ದೇವರಿಗೂ ಮಾತ್ರ ಗೊತ್ತಿರುವ ತಪ್ಪಿಗೆ ಇಡುತ್ತಾನೆ. ಗಂಟು ದೇವಸ್ಥಾನದ ಹುಂಡಿಗೆ ಬಿದ್ದ ಮೇಲೆ ಆ ಮಾತನ್ನು ಯಾರೂ ಎತ್ತುವುದಿಲ್ಲ. ಹತ್ತು ಜನ ಸೇರಿ ಒಬ್ಬನಿಂದ ಇಡಿಸಿದ್ದನ್ನು ನಾನು ಎಲ್ಲೂ ಕಂಡಿಲ್ಲ. ನಂಜನಗೂಡಿಗೆ ಹೋಗುವವರು ಸಿಗಲಿಲ್ಲವೆಂದು ಆ ಗಂಟು ಇನ್ನೂ ನಿಮ್ಮ ಹಾಲ್‌ನ ಗಾಜಿನ ದೇವರ ಕಪಾಟಿನಲ್ಲೇ ಇದೆಯಂತೆ. ಈ ಸಲ ಮನೋಜ ಅಲ್ಲಿಗೆ ಬಂದಾಗ ಇಂಚರ ತನ್ನ ಗೆಳತಿಗೆ ಅದನ್ನು ತೋರಿಸಿ ಹೇಳಿದಳಂತೆ: "ದಟ್ಸ್ ಮೈ ಡ್ಯಾಡ್ಸ್ ಸಾರಿ ಕಾಯಿನ್."

ಅವನು ಮರಳಿ ಬಂದು ಇದನ್ನು ನಗುತ್ತಾ ಹೇಳಿದ. ನನಗೆ ಆ ನಗು ಸಹಿಸಲಾಗಲಿಲ್ಲ.

ಆ ವಾಕ್ಯವನ್ನು ಹೊಡೆದುಹಾಕು. ಉಳಿದದ್ದೆಲ್ಲ ಇರಲಿ. ಅದು ಇರುವತನಕ ಅವನು ಮಗಳ ಮುಖ ನೋಡಲಾರ, ಒಂದು ದಿನ ಬರುವುದನ್ನೇ ಬಿಟ್ಟುಬಿಡುತ್ತಾನೆ. ನನಗಿರುವ ಹೆದರಿಕೆ ಅದೊಂದೇ.

ನಿನ್ನ
ಯೋಗೀಶ


ಕ್ಲೈಡ್ ನಾರ್ತ್, ಮೆಲ್ಬರ್ನ್
2 ಮಾರ್ಚ್ 2025

ಬೀಗರಾದ ಯೋಗೀಶರಿಗೆ,

ನಿಮ್ಮ ಪತ್ರ ತಲುಪಿತು.

ನಿಮ್ಮ ಪತ್ರದಲ್ಲಿ ನಮ್ಮ ಮನೆಯ ಆ ಒಂದು ದಿನಕ್ಕೆ ಒಂದು ಸಾಲು ಸಿಕ್ಕಿದೆ. "ಗೊತ್ತಿರಲಿಲ್ಲ" ಎಂದು ಬರೆದು ಮುಂದೆ ಹೋಗಿದ್ದೀರಿ. ಶಾಲೆಯ ಗೇಟಿನಲ್ಲಿ ಪ್ರಣತಿ ನಿಂತಿದ್ದಳು. ಮಕ್ಕಳೆಲ್ಲ ಹೋದರು. ಟೀಚರೂ ಹೋದರು. ಅವಳ ತಾಯಿ ಜಯಲಕ್ಷ್ಮಿ ಈ ಹೊಸ ಬಡಾವಣೆಯ ಅರ್ಧ ಕಟ್ಟಿದ ಮನೆಗಳೊಳಗೆಲ್ಲ ನುಗ್ಗಿ ಮಗುವಿನ ಹೆಸರು ಕೂಗಿದಳು. ಅವಳ ಮಂಡಿಯ ಸ್ಥಿತಿ ನಿಮಗೆ ಗೊತ್ತು. ನಿಮ್ಮ ಮಗನ ಫೋನು ಆಫ್ ಆಗಿತ್ತು. ನಾನು ಪೊಲೀಸರಿಗೆ ಹೇಳುತ್ತೇನೆಂದಾಗ "ಬೇಡಪ್ಪಾ, ಅವರ ಕೆಲಸಕ್ಕೆ, ಪಿಆರ್ ವೀಸಾಗೆ ತೊಂದರೆ ಆಗುತ್ತೆ" ಎಂದು ತಡೆದವಳು ಅದೇ ಪ್ರಣತಿ. ಅದು ನಾವು ತೋರಿದ ಕರುಣೆ. ಅದನ್ನೂ ನಿಮ್ಮ ಇತಿಹಾಸದಲ್ಲಿ ಬರೆದುಕೊಳ್ಳಿ.

ಯಾರೂ ಅವನ ಕೈ ಹಿಡಿದು ಸಹಿ ಹಾಕಿಸಲಿಲ್ಲ. ಪೂರ್ತಿ ಓದಿದ, ಪೆನ್ನು ಕೇಳಿದ, ಹಾಕಿದ. ವಾಕ್ಯ ಇರುವಂತೆಯೇ ಇರುತ್ತದೆ. ನಾಳೆ ಈ ಹುಡುಗಿ ದೊಡ್ಡವಳಾಗಿ "ಅಮ್ಮ ಯಾಕೆ ಅಪ್ಪನನ್ನು ಬಿಟ್ಟಳು" ಎಂದು ಕೇಳಿದರೆ ನನ್ನ ಮಗಳ ಕೈಯಲ್ಲಿ ಉತ್ತರವಿರಬೇಕು.

ನಿನ್ನೆ ಮೊದಲ ಶನಿವಾರ. ಮನೋಜ ಬಂದಿದ್ದ. ತಿಂಡಿ ಮುಟ್ಟಲಿಲ್ಲ.

ಇತಿ,
ಎಂ. ಬದರಿನಾಥ


ವೆಸ್ಟ್‌ಮೀಡ್
16 ಮಾರ್ಚ್ 2025

ಬದರಿ,

ನೀನು "ನೀವು" ಎಂದು ಬರೆದಿದ್ದೀ. ಐವತ್ತು ವರ್ಷದ ಸ್ನೇಹದಲ್ಲಿ ಮೊದಲ ಸಲ. ಬರೆದುಕೋ, ನಾನು ಬದಲಾಯಿಸುವುದಿಲ್ಲ.

ಜಯಲಕ್ಷ್ಮಿಯವರು ಹೆಸರು ಕೂಗಿದ್ದನ್ನು ಓದಿದೆ. ಎರಡು ಸಲ ಓದಿದೆ. ಅವರಿಗೆ ನನ್ನ ನಮಸ್ಕಾರ ಹೇಳು.

ಆದರೂ ನಾನು ಮೂವತ್ತು ವರ್ಷ ಪಾಠ ಮಾಡಿದ ಒಂದು ವಿಷಯವನ್ನು ನಿನಗೆ ಹೇಳಲೇಬೇಕು. ಮೊದಲ ಮಹಾಯುದ್ಧ ಮುಗಿದ ಮೇಲೆ ವರ್ಸೈನಲ್ಲಿ ಜರ್ಮನಿಯ ಮೇಲೆ ಹೇರಿದ ಒಪ್ಪಂದ. ಜರ್ಮನರು ಅದರಿಂದ ಯಾಕೆ ಕುದಿದರು ಎಂಬುದಕ್ಕೆ ಹುಡುಗರು ಪರೀಕ್ಷೆಯಲ್ಲಿ ಕಾರಣಗಳನ್ನು ಗಿಳಿಯಂತೆ ಬರೆಯುತ್ತಿದ್ದರು: ನೆಲ ಹೋಯಿತು, ಗಣಿ ಹೋಯಿತು, ಸೈನ್ಯ ಹೋಯಿತು, ದಂಡ ಬಿತ್ತು. ನಾನು ಅಂಕ ಕೊಡುತ್ತಿದ್ದೆ. ಆದರೆ ಸೋತವರಿಗೆ ಇವೆಲ್ಲ ಹೊಸದಲ್ಲ. ಯಾವ ಯುದ್ಧದಲ್ಲೂ ಸೋತವನು ನೆಲ ಬಿಟ್ಟುಕೊಡುತ್ತಾನೆ. ನಮ್ಮ ಶ್ರೀರಂಗಪಟ್ಟಣದ್ದೇ ನೋಡು, ಅರ್ಧ ರಾಜ್ಯ ಹೋಯಿತು. ಆದರೆ ಜನ ಇವತ್ತಿಗೂ ಹೇಳುವುದು ಒತ್ತೆ ಹೋದ ಸುಲ್ತಾನನ ಆ ಇಬ್ಬರು ಮಕ್ಕಳ ಕಥೆಯನ್ನು.

ಜರ್ಮನರು ಯುದ್ಧ ನಿಲ್ಲಿಸುವಾಗ ಮಾತುಕತೆಯಾಗುತ್ತದೆ, ನ್ಯಾಯವಾದ ಶಾಂತಿಯಾಗುತ್ತದೆ ಎಂದು ನಂಬಿದ್ದರು. ಅವರ ಪ್ರತಿನಿಧಿಗಳನ್ನು ಕರೆಸಿ, ಬೇಲಿ ಕಟ್ಟಿದ ಹೋಟೆಲಿನಲ್ಲಿ ಇಳಿಸಿ, ಕೈಗೆ ಅಚ್ಚಾದ ಪುಸ್ತಕ ಕೊಟ್ಟರು. ಎದುರು ಕೂತು ಮಾತಾಡುವಂತಿಲ್ಲ, ಹೇಳುವುದಿದ್ದರೆ ಬರೆದುಕೊಡಿ ಎಂದರು. ಆಗಲೂ ಸಮುದ್ರದ ದಿಗ್ಬಂಧನ ತೆಗೆದಿರಲಿಲ್ಲ, ಊರಲ್ಲಿ ಮಕ್ಕಳಿಗೆ ಊಟವಿರಲಿಲ್ಲ. ಯುದ್ಧದಿಂದಾದ ನಷ್ಟಕ್ಕೆಲ್ಲ ಜರ್ಮನಿ ಮತ್ತು ಅದರ ಜೊತೆಗಾರರೇ ಹೊಣೆ ಎಂದು ಒಂದು ಕಲಮು. ಅದಕ್ಕೆ ಅವರೇ ಸಹಿ ಹಾಕಬೇಕು. ಗೆದ್ದವನು ನಿನ್ನನ್ನು ಅಪರಾಧಿ ಎಂದರೆ ಅದು ಅವನ ಮಾತು. ನಾನೇ ಅಪರಾಧಿ ಎಂದು ನಿನ್ನ ಕೈಯಲ್ಲೇ ಬರೆಸಿದರೆ ಅದನ್ನು ಹೊತ್ತುಕೊಂಡು ಮನೆಗೆ ಹೋಗಬೇಕಾದವನು ನೀನು. ರೈತ, ಮೇಷ್ಟ್ರು, ಮಗನನ್ನು ಕಳೆದುಕೊಂಡ ವಿಧವೆ, ಯುದ್ಧವನ್ನೇ ಬೇಡವೆಂದಿದ್ದವನು, ಎಲ್ಲರೂ ಹೊತ್ತರು. ಆ ಸಿಟ್ಟನ್ನು ಕೊನೆಗೆ ಯಾರು ಎತ್ತಿಕೊಂಡರು ಅಂತ ನಿನಗೆ ನಾನು ಹೇಳಬೇಕಾಗಿಲ್ಲ.

ಒಪ್ಪಿಸಿದ ತಪ್ಪಿಗೂ ಒಪ್ಪಿಕೊಂಡ ತಪ್ಪಿಗೂ ವ್ಯತ್ಯಾಸವಿದೆ. ಇದು ವಕೀಲನಿಗೆ ಗೊತ್ತಿರಬೇಕಿತ್ತು.

ನಿನ್ನ
ಯೋಗೀಶ


ಕ್ಲೈಡ್ ನಾರ್ತ್
26 ಏಪ್ರಿಲ್ 2025

ಯೋಗೀಶರಿಗೆ,

ನಿನ್ನೆ ಆನ್ಜಾಕ್ ದಿನ, ಯುದ್ಧದಲ್ಲಿ ಸತ್ತವರನ್ನು ಇಲ್ಲಿ ನೆನೆಯುವ ದಿನ. ನಸುಕಿನಲ್ಲಿ ಇಂಚರಳನ್ನು ಕರೆದುಕೊಂಡು ಹತ್ತಿರದ ಸ್ಮಾರಕಕ್ಕೆ ಹೋಗಿದ್ದೆ. ಅಲ್ಲಿ ಕಲ್ಲಿನ ಮೇಲೆ ಹೆಸರುಗಳಿವೆ, ಒಂದೇ ಮನೆತನದ ಹೆಸರು ಮೂರು ಸಲ ಬರುತ್ತದೆ. ಅಣ್ಣತಮ್ಮಂದಿರಿರಬೇಕು. ನೀವು ಕೂತಿರುವ ಈ ದೇಶದಿಂದ ಅರವತ್ತು ಸಾವಿರ ಹುಡುಗರು ಆ ಯುದ್ಧದಲ್ಲಿ ಹೋದರು. ಅವರ ತಾಯಂದಿರ ಮುಂದೆ ನಿಂತು ನಿಮ್ಮ ಪಾಠ ಮಾಡಿ ನೋಡೋಣ.

ನನಗೂ ಓದಲು ಬರುತ್ತದೆ, ಸ್ವಾಮಿ. ನಿಮ್ಮ ಜರ್ಮನಿ ತಾನು ಗೆದ್ದಾಗ ರಷ್ಯಾದ ಮೇಲೆ ಹೇರಿದ ಒಪ್ಪಂದ ಯಾವ ಹೂವಿನ ಹಾರವಾಗಿತ್ತು? ಹಿಂದೆ ಸರಿಯುವಾಗ ಫ್ರಾನ್ಸಿನ ಗಣಿಗಳಿಗೆ ನೀರು ಬಿಟ್ಟವರು ಯಾರು? ಮತ್ತೆ ಆ ಪ್ರಸಿದ್ಧ ಕಲಮಿನಲ್ಲಿ "ಒಬ್ಬರೇ" ಎಂಬ ಪದ ಇಲ್ಲವೇ ಇಲ್ಲ. ನೋಡಿ ಬರೆಯುತ್ತಿದ್ದೇನೆ. ಪರಿಹಾರಕ್ಕೆ ಕಾನೂನಿನ ಆಧಾರ ಬೇಕೆಂದು ವಕೀಲರು ಹಾಕಿದ ಸಾಲು ಅದು. ಇಲ್ಲದ ಪದವನ್ನು ತಾವೇ ಸೇರಿಸಿಕೊಂಡು ಅತ್ತವರು ಜರ್ಮನರು. ಚದುರಂಗದಲ್ಲಿ ಸೋತಾಗಲೆಲ್ಲ "ಬೋರ್ಡು ಸರಿಯಿಲ್ಲ" ಎನ್ನುತ್ತಿದ್ದವರಿಗೆ ಇದು ಅರ್ಥವಾಗುವುದು ಕಷ್ಟ.

ಏಪ್ರಿಲ್ ಮೊದಲ ಶನಿವಾರ ಮನೋಜ ಬರಲಿಲ್ಲ. ಫೋನೂ ಇಲ್ಲ. ಮಗು ಹೊಸ ಫ್ರಾಕು ಹಾಕಿಕೊಂಡು ಗ್ಯಾರೇಜಿನ ಮುಂದೆ ಸ್ಕೂಟರ್ ಆಡುತ್ತಾ ಕಾದಳು. ಊಟಕ್ಕೆ ಕರೆದರೆ "ಇನ್ನೊಂದ್ ಫೈವ್ ಮಿನಿಟ್ಸ್ ಅಜ್ಜಿ" ಅಂದಳಂತೆ. ಒಪ್ಪಂದದಲ್ಲಿ ಇದ್ದದ್ದೂ ಅವನಿಂದಾಗಲಿಲ್ಲ. ಇದಕ್ಕೂ ನಾನೇ ಕಾರಣವೆಂದು ಬರೆಯಿರಿ.

ಬದರಿನಾಥ


ವೆಸ್ಟ್‌ಮೀಡ್
11 ಮೇ 2025

ಬದರಿ,

ಪದದ ವಿಷಯದಲ್ಲಿ ನೀನು ಸರಿ. ಅವರ ಕಲಮಿನಲ್ಲಿ "ಒಬ್ಬರೇ" ಇಲ್ಲ. ಇಲ್ಲದೆಯೇ ಅಷ್ಟು ಉರಿಯಿತು. ನಿನ್ನದರಲ್ಲಿ ಇದೆ.

ಮಗು ಕಾದಳೆಂದು ಓದಿ ನಾನು ಮನೋಜನ ಮೇಲೆ ಕೂಗಾಡಿದೆ. ಅವನು ಡ್ಯೂಟಿ ಮುಗಿಸಿ ಬಂದು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ. ಕೆಳಗೆ ಸ್ಟೇಷನ್ನು, ರೈಲು ಹೋದಾಗಲೆಲ್ಲ ಮಾತು ನಿಲ್ಲಿಸಬೇಕು.

"ಮಗು ಏನು ಮಾಡಿತ್ತೋ ನಿನಗೆ? ವಿಮಾನ ಹತ್ತೋಕೆ ಏನು ಕಷ್ಟ?" ಎಂದೆ.

"ವಿಮಾನ ಹತ್ತಿದ್ದೆ ಅಪ್ಪ" ಎಂದ. "ಇಳಿದು ಅವರ ಮನೆ ಹತ್ತಿರದ ಬರ್ವಿಕ್ ಸ್ಟೇಷನ್‌ವರೆಗೂ ಹೋದೆ. ಅಲ್ಲಿ ಕೂತಿದ್ದು ವಾಪಸ್ ಬಂದೆ."

"ಯಾಕೆ?"

ಅವನು ಒಂದು ಶರಟನ್ನು ಕೊಡವಿ, ಕ್ಲಿಪ್ಪು ಹಾಕಿ, ಆಮೇಲೆ ಹೇಳಿದ. ಅವನ ಮಾತನ್ನು ಹಾಗೇ ಬರೆಯುತ್ತಿದ್ದೇನೆ: "ನಾನು ತಪ್ಪೇ ಮಾಡಿಲ್ಲ ಅಂತ ಯಾವತ್ತಾದ್ರೂ ಹೇಳಿದೀನಾ? ಹೇಳ್ದೆ ಕರ್ಕೊಂಡ್ ಬಂದಿದ್ದು ತಪ್ಪು. ಅವತ್ತು ಅವರ ಮನೆಗೆ ಹೋದಾಗ ಪ್ರಣತಿ ಹತ್ರ, ಅತ್ತೆ ಹತ್ರ ಕೈ ಮುಗಿದು ಕೇಳ್ಬೇಕು ಅಂತಾನೇ ಹೋಗಿದ್ದೆ. ದಾರಿಯೆಲ್ಲ ಏನು ಹೇಳ್ಬೇಕು ಅಂತ ಯೋಚನೆ ಮಾಡ್ಕೊಂಡಿದ್ದೆ. ಬಾಯಿ ಬಿಡೋಕ್ ಮುಂಚೆ ಕಾಗದ ಕೊಟ್ರು. ಎಲ್ಲದಕ್ಕೂ ನಾನೊಬ್ನೇ ಅಂತ ಓದಿಸಿದ್ರು. ಅವತ್ತಿಂದ ಮಾಡಿದ ತಪ್ಪನ್ನೂ ಒಪ್ಕೊಳ್ಳೋಕೆ ಮನಸ್ಸು ಬರ್ತಿಲ್ಲ ಅಪ್ಪ. ಏನ್ ಮಹಾ ಮಾಡ್ಬಿಟ್ಟೆ, ನನ್ ಮಗಳನ್ನ ನಾನ್ ಕರ್ಕೊಂಡ್ ಬಂದೆ, ಅಂತ ಅನ್ಸುತ್ತೆ. ಹಂಗೆ ಅನ್ನಿಸಿದಾಗ ನನಗೇ ಭಯ ಆಗುತ್ತೆ."

ಮೂವತ್ತು ವರ್ಷ ಪಾಠ ಮಾಡಿದರೂ ಇದನ್ನು ನಾನು ಯಾವ ಪುಸ್ತಕದಲ್ಲೂ ಇಷ್ಟು ಸ್ಪಷ್ಟವಾಗಿ ನೋಡಿರಲಿಲ್ಲ. ಜರ್ಮನರು ಬೆಲ್ಜಿಯಂನಲ್ಲಿ ಊರು ಸುಟ್ಟಿದ್ದರು, ಅದು ಅವರಿಗೆ ಗೊತ್ತಿತ್ತು. ಒಪ್ಪಿಕೊಳ್ಳುವವರೂ ಅವರಲ್ಲಿ ಇದ್ದರು. ಎಲ್ಲವನ್ನೂ ಅವರ ತಲೆಗೇ ಕಟ್ಟಿದ ಮೇಲೆ ಅಂಥವರ ಬಾಯಿ ಕಟ್ಟಿಹೋಯಿತು. ಮಾಡಿದ್ದನ್ನು ಮಾಡಿದೆ ಎಂದವನನ್ನು ದ್ರೋಹಿ ಎಂದರು. ನೀನು ನನ್ನ ಮಗನಿಂದ ಕಿತ್ತುಕೊಂಡದ್ದು ಅವನ ಮರ್ಯಾದೆ ಎಂದುಕೊಂಡಿದ್ದೆ. ಅಲ್ಲ. ಪಶ್ಚಾತ್ತಾಪ ಕಿತ್ತುಕೊಂಡೆ. ಅವನು ಕೈಯಲ್ಲಿ ಹಿಡಿದುಕೊಂಡು ಬಂದಿದ್ದ, ಕೊಡಲು.

ಮೇ ಶನಿವಾರವೂ ಅವನು ಹೋಗಲಿಲ್ಲ. ನಾನು ಇನ್ನು ಬರೆಯುವುದಿಲ್ಲ.

ಯೋಗೀಶ


ಕ್ಲೈಡ್ ನಾರ್ತ್
10 ಆಗಸ್ಟ್ 2025

ಪೂಜ್ಯ ಮಾವನವರಿಗೆ ಪ್ರಣತಿಯ ನಮಸ್ಕಾರಗಳು.

ಈಗಲೂ ಮಾವ ಅನ್ನಬಹುದೋ ಇಲ್ಲವೋ ಗೊತ್ತಿಲ್ಲ, ಬೇರೆ ಹೆಸರು ಬಾಯಿಗೆ ಬರುತ್ತಿಲ್ಲ. ಕನ್ನಡದಲ್ಲಿ ಬರೆದು ವರ್ಷಗಳಾದವು, ತಪ್ಪಿದ್ದರೆ ಕೆಂಪು ಶಾಯಿ ಹಿಡಿಯಬೇಡಿ.

ನೀವು ಅಪ್ಪನಿಗೆ ಬರೆದದ್ದನ್ನೆಲ್ಲ ನಾನು ಓದಿದ್ದೇನೆ. ಅಪ್ಪ ಮೇಜಿನ ಮೇಲೆಯೇ ಬಿಡುತ್ತಾರೆ. ನಾನು ಓದಲಿ ಎಂದೇ ಬಿಡುತ್ತಾರೇನೋ.

ಆ ವಾಕ್ಯ ನಾನು ಕೇಳಿದ್ದಲ್ಲ. ನನಗೆ ಬೇಕಿದ್ದದ್ದು ಮನೋಜ್ ನನ್ನ ಮುಖ ನೋಡಿ "ಹೆದರಿಸಿಬಿಟ್ಟೆ ಕಣೇ" ಎಂದು ಒಂದು ಸಲ ಹೇಳುವುದು. ಆದರೆ ಅವರು ಅದನ್ನು ಓದುವಾಗ ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ, ತಡೆಯಲಿಲ್ಲ. ಆಗ ಚೆನ್ನಾಗಿಯೇ ಅನ್ನಿಸಿತು, ಮಾವ. ಸುಳ್ಳು ಹೇಳುವುದಿಲ್ಲ. ಈಗ ಯಾರಾದರೂ "ತಪ್ಪೆಲ್ಲ ಅವನದೇ ಅಲ್ವಾ" ಎಂದರೆ ನಾನು ಹೌದೆನ್ನಬೇಕು, ಅಲ್ಲವೆಂದು ಗೊತ್ತಿದ್ದೂ. ಅವರು ಸಿಡ್ನಿಯ ಕೆಲಸಕ್ಕೆ ಅರ್ಜಿ ಹಾಕುವ ಮುಂಚೆ ನನ್ನನ್ನು ಕೇಳಿದ್ದರು. ನಾನು ಸರಿ ಎಂದಿದ್ದೆ. ಆಮೇಲೆ ಮಾತು ಬದಲಿಸಿದೆ. ಇದು ಅಪ್ಪನಿಗೆ ಗೊತ್ತಿರಲಿಲ್ಲ. ಹೋದ ವಾರ ಹೇಳಿದೆ.

ಅಪ್ಪ ಎದ್ದು ಹೋಗಿ ಕನ್ನಡಕ ತಂದರು. ಆಮೇಲೆ ಕಾಗದ ತೆಗೆದು ಆ ವಾಕ್ಯದ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದರು, ಕೋರ್ಟಿನಲ್ಲಿ ಮಾಡುವ ಹಾಗೆ. ಹಿರಿಯರೆದುರೇ ನೋಡಬೇಕೆಂಬ ಷರತ್ತನ್ನೂ ಹೊಡೆದುಹಾಕಿದರು. ದೇವರ ಕಪಾಟಿನಲ್ಲಿದ್ದ ಗಂಟನ್ನು ಮೈಸೂರಿಗೆ ಹೊರಟಿದ್ದ ನಮ್ಮ ಸಂಪತ್ ಅಂಕಲ್ ಕೈಗೆ ಕೊಟ್ಟು ಕಳಿಸಿದರು.

ಸೆಪ್ಟೆಂಬರ್ ಆರನೇ ತಾರೀಕು ಮನೋಜ್ ಬರಲಿ. ಇಂಚರಳನ್ನು ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗಲಿ, ಸಂಜೆಯ ಹೊತ್ತಿಗೆ ಬಂದರಾಯಿತು. ಯಾರೂ ಜೊತೆಗಿರುವುದಿಲ್ಲ. ನಾನೇ ಅವರಿಗೆ ಮೆಸೇಜ್ ಮಾಡಿದ್ದೇನೆ, ಉತ್ತರ ಬಂದಿಲ್ಲ. ನೀವು ಹೇಳಿದರೆ ಬರುತ್ತಾರೆ.

ನಿಮ್ಮ
ಪ್ರಣತಿ


ಕ್ಲೈಡ್ ನಾರ್ತ್
7 ಸೆಪ್ಟೆಂಬರ್ 2025

ಯೋಗಿ,

ಮನೋಜ ನಿನಗೆ ಏನೂ ಹೇಳಿರುವುದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ನಿನ್ನೆ ಬೆಳಿಗ್ಗೆಯೇ ಬಂದ. ಏರ್‌ಪೋರ್ಟಿನಿಂದ ಬಾಡಿಗೆ ಕಾರು ತಂದಿದ್ದ. ತೆಳ್ಳಗಾಗಿದ್ದಾನೆ, ನೀನು ಅಡುಗೆಯಲ್ಲಿ ಕೈ ಹಿಡಿದು ಎಣ್ಣೆ ಹಾಕುತ್ತೀಯೇನೋ. ಜಯಲಕ್ಷ್ಮಿ ಅವಲಕ್ಕಿ ಕೊಟ್ಟಳು, ತಿಂದ. ಪ್ರಣತಿ ಬಾಗಿಲಿಗೆ ಬಂದಳು. ಅವನು ಅವಳಿಗೆ ಏನೋ ಹೇಳಿದ, ಮೆಲ್ಲಗೆ. ನನಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳಲೂ ಹೋಗಲಿಲ್ಲ. ಅವಳು ತಲೆಯಾಡಿಸಿ ಕಣ್ಣೊರೆಸಿಕೊಂಡಳು. ಯೋಗಿ, ಎಲ್ಲ ಸರಿಹೋಯಿತು ಎಂದುಕೊಂಡೆ ನಾನು.

ಅವರು ಫಿಲಿಪ್ ಐಲೆಂಡಿಗೆ ಹೋಗುವುದೆಂದು ಮಾತಾಗಿತ್ತು, ಸಮುದ್ರ ನೋಡಲು. ಇಂಚರ ಬ್ಯಾಗು ಹಾಕಿಕೊಂಡು ಕುಣಿಯುತ್ತಲೇ ಹೊರಗೆ ಬಂದಳು. ಕಾರಿನ ಬಾಗಿಲು ತೆರೆದು ಒಳಗೆ ಇಣುಕಿದಳು. ಅಲ್ಲೇ ನಿಂತಳು.

"ತಾತ ಬರಲ್ವಾ?" ಎಂದು ಅಪ್ಪನನ್ನು ಕೇಳಿದಳು.

"ಇಲ್ಲ ಪುಟ್ಟಾ. ಇವತ್ತು ನಾವಿಬ್ಬರೇ."

"ಬಟ್ ಸಮ್‌ವನ್ ಹ್ಯಾಸ್ ಟು ಬಿ ದೇರ್. ದಟ್ಸ್ ದ ರೂಲ್."

"ಈಗ ಆ ರೂಲ್ ಇಲ್ಲ. ತಾತನೇ ತೆಗೆದುಹಾಕಿದ್ರು."

ಅವಳು ನನ್ನ ಕಡೆ ನೋಡಿದಳು. ನಾನು ಹೌದೆಂದೆ, ಹೋಗು ಕಂದಾ, ಅಪ್ಪ ಅಲ್ವಾ ಎಂದೆ. ಅವಳು ಬ್ಯಾಗಿನ ಪಟ್ಟಿ ಬಿಗಿಯಾಗಿ ಹಿಡಿದುಕೊಂಡು ಒಂದು ಹೆಜ್ಜೆ ಹಿಂದೆ ಬಂದಳು.

"ವಾಟ್ ಇಫ್ ಹಿ ಟೇಕ್ಸ್ ಮಿ ಅಗೇನ್?"

ಅವನಿಗೆ ಕೇಳಿಸಲಿ ಎಂದು ಹೇಳಿದ್ದಲ್ಲ. ನನ್ನ ಬಳಿ ಹೇಳಿದ್ದು. ಆದರೆ ಅವನು ಅಲ್ಲೇ ಇದ್ದ. ಯಾರೂ ಅವಳಿಗೆ ಹಾಗೆ ಹೇಳಿಕೊಟ್ಟಿರಲಿಲ್ಲ, ನಿನ್ನಾಣೆ. ತಿಂಗಳುಗಟ್ಟಲೆ ಕಾವಲಿನಲ್ಲಿ ಅಪ್ಪನನ್ನು ನೋಡಿದವಳು ತಾನೇ ಕಲಿತುಕೊಂಡಿದ್ದಾಳೆ.

ಮನೋಜ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸಲೀಸಾಗುತ್ತಿತ್ತು. ನಿಧಾನವಾಗಿ ಕಾರಿನ ಬಾಗಿಲು ಹಾಕಿದ. ಅವಳೆದುರು ಕುಕ್ಕರಗಾಲಲ್ಲಿ ಕೂತು, "ಪರ್ವಾಗಿಲ್ಲ ಪುಟ್ಟಾ. ಸಮುದ್ರ ಎಲ್ಲೂ ಹೋಗಲ್ಲ. ಒಳಗೇ ಕೂತ್ಕೊಳ್ಳೋಣ" ಎಂದ.

ಒಳಗೆ ಬಂದು ಸೋಫಾದ ಮೇಲೆ ಕೂತರು. ಅವಳು ಶಾಲೆಯಲ್ಲಿ ಬಿಡಿಸಿದ ಚಿತ್ರಗಳನ್ನು ತೋರಿಸಿದಳು, ಅವನು ಒಂದೊಂದನ್ನೂ ಕೇಳಿ ಕೇಳಿ ನೋಡಿದ. ಪ್ರಣತಿ ಕಣ್ಣಲ್ಲೇ ಸನ್ನೆ ಮಾಡಿದಳು. ಅವರಿಬ್ಬರನ್ನೇ ಬಿಡೋಣವೆಂದು ನಾನು ಸದ್ದಾಗದಂತೆ ಎದ್ದೆ.

ಮಗು ಚಿತ್ರದಿಂದ ಕಣ್ಣು ತೆಗೆಯದೆ ಕೈ ಚಾಚಿ ನನ್ನ ಪಂಚೆ ಹಿಡಿದುಕೊಂಡಳು. ನಾನು ಮತ್ತೆ ಕೂತೆ. ಮನೋಜ ನನ್ನ ಮುಖ ನೋಡಲಿಲ್ಲ.

ನಿನ್ನ
ಬದರಿ